ಅಲ್ಪನ ಕೊಡೆ

ಮದುವೆ ಮನೆಯ ಎರಡನೇ ಪಂಕ್ತಿ. ಎಲೆ ಹಾಕಿ ಆಗಿದೆ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಬಂದಿವೆ. ಅನ್ನದ ಹಬೆ ಆಚೆ ಸಾಲಿನಿಂದ ಈಚೆಗೆ ಬರುತ್ತಿದೆ. ಅಷ್ಟರಲ್ಲಿ ಒಬ್ಬ ಗೃಹಸ್ಥರ ಆಗಮನ. ಫ್ಯಾನಿನ ಕೆಳಗೆ ಕೂತಿದ್ದ ಹುಡುಗನನ್ನು ‘ಏಳೋ, ಆಚೆ ಕೂತ್ಕೋ’ ಎಂದು ಎಬ್ಬಿಸಿ ಆ ಜಾಗದಲ್ಲಿ ತಾವು ಕೂರುತ್ತಾರೆ. ನೀರು ಬಡಿಸುವವನನ್ನು ಚಿಟಿಕೆ ಹೊಡೆದು ಕರೆಯುತ್ತಾರೆ. ಎಲೆಯ ಪಕ್ಕದಲ್ಲಿ ಕಾರಿನ ಕೀಗೊಂಚಲು, ಎರಡು ಮೊಬೈಲು. ಎದುರು ಸಾಲಿನ ಅಜ್ಜಿ ತಲೆಯನ್ನೂ ಎತ್ತದೆ, ಪಕ್ಕದವಳಿಗಷ್ಟೇ ಕೇಳುವ ಹಾಗೆ ಹೇಳುತ್ತಾಳೆ: ‘ಅಲ್ಪನಿಗೆ ಐಶ್ವರ್ಯ ಬಂದ್ರೆ...’

ಅಷ್ಟೇ. ಪಕ್ಕದವಳು ಉಳಿದರ್ಧವನ್ನು ಮನಸ್ಸಿನಲ್ಲೇ ತುಂಬಿಕೊಂಡು ನಗುತ್ತಾಳೆ.

‘ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ.’ ಪೂರ್ತಿ ಹೇಳುವ ಗೊಡವೆಯೇ ಇಲ್ಲದಷ್ಟು ಬಳಕೆಯಲ್ಲಿರುವ ಗಾದೆ ಇದು. ಬಳಸಿ ಬಳಸಿ ನುಣುಪಾದ ನಾಣ್ಯದ ಮೇಲಿನ ಮುಖ ಯಾರದು ಎಂದು ಯಾರೂ ನೋಡುವುದಿಲ್ಲವಲ್ಲ, ಹಾಗೆ ಈ ಗಾದೆಯೊಳಗಿನ ಚಿತ್ರವನ್ನೂ ಯಾರೂ ನಿಂತು ನೋಡುವುದಿಲ್ಲ. ಶಾಲೆಯ ‘ಗಾದೆ ವಿಸ್ತರಿಸಿ’ ಪ್ರಶ್ನೆಗೆ ಮಕ್ಕಳು ಬರೆಯುವ ಉತ್ತರ ಗೊತ್ತಿದ್ದದ್ದೇ: ದಿಢೀರ್ ಹಣ ಬಂದವನು ಮೆರೆಯುತ್ತಾನೆ, ನಾವು ಹಾಗೆ ಮಾಡಬಾರದು. ಸರಿ. ಆದರೆ ಮೆರೆಯುವುದಕ್ಕೆ ಕುದುರೆ ಇತ್ತು, ಕಡಗವಿತ್ತು, ಜರಿ ರುಮಾಲು ಇತ್ತು. ಇವನು ಕೊಡೆಯನ್ನೇ ಯಾಕೆ ಹಿಡಿದ?

ಮೊದಲು ಈ ‘ಅಲ್ಪ’ನನ್ನೇ ವಿಚಾರಿಸಬೇಕು. ಸಂಸ್ಕೃತದಿಂದ ಬಂದ ಈ ಪದಕ್ಕೆ ಸಣ್ಣದು, ಕೊಂಚ, ಕಡಿಮೆ ಎಂಬುದಷ್ಟೇ ಮೂಲದ ಅರ್ಥ. ಬೈಗುಳದ ವಾಸನೆಯೂ ಅದಕ್ಕಿಲ್ಲ. ಅಲ್ಪವಿರಾಮ, ಅಲ್ಪೋಪಾಹಾರ, ಸಹಕಾರ ಸಂಘದ ಅಲ್ಪಾವಧಿ ಸಾಲ, ಎಲ್ಲವೂ ಸಭ್ಯ ಮಾತುಗಳೇ. ವರ್ಣಮಾಲೆಯಲ್ಲಿ ಕ, ಗ, ಚ, ಜ ಅಲ್ಪಪ್ರಾಣಗಳು. ಉಸಿರು ಕಡಿಮೆ ಸಾಕು. ಖ, ಘ, ಛ, ಝ ಮಹಾಪ್ರಾಣಗಳು. (ಪಾರಸಿಯಿಂದ ಬಂದ ‘ದರ್ಬಾರ್’ ಎಂಬ ಮಾತಿನಲ್ಲಿ ಮಹಾಪ್ರಾಣವಿಲ್ಲ. ಆದರೂ ಎಷ್ಟೋ ಬೋರ್ಡುಗಳಲ್ಲಿ, ಬ್ಯಾನರುಗಳಲ್ಲಿ ಅದು ‘ಧರ್ಬಾರ್’ ಆಗಿರುತ್ತದೆ. ಅಲ್ಪಪ್ರಾಣಕ್ಕೆ ಐಶ್ವರ್ಯ ಬಂದರೆ ಹೊಟ್ಟೆ ಸೀಳಿಸಿಕೊಳ್ಳುತ್ತದೆ ಎನ್ನಬೇಕು.)

ಇದೇ ಪದಕ್ಕೆ ‘ನು’ ಹತ್ತಿದರೆ ಮಾತ್ರ ಕಥೆ ಬದಲಾಯಿತು. ಅಲ್ಪ ವಸ್ತು ಸಣ್ಣದು. ಅಲ್ಪನು ಸಣ್ಣ ಬುದ್ಧಿಯವನು, ನಡೆನುಡಿ ಗೊತ್ತಿಲ್ಲದವನು, ಇನ್ನೊಬ್ಬರ ಮರ್ಯಾದೆ ತೆಗೆಯುವವನು. ‘ಅಲ್ಪರ ಸಂಗ ಅಭಿಮಾನ ಭಂಗ’ ಎಂಬ ಇನ್ನೊಂದು ಗಾದೆ ಹುಟ್ಟಿದ್ದೂ ಇದೇ ಅರ್ಥದಿಂದ. ಇವನ ನೆಂಟರೂ ಹೀಗೇ. ನೀಚ ಎಂದರೆ ತಗ್ಗಿನಲ್ಲಿರುವುದು. ಜಾತಕ ನೋಡುವವರು ಗ್ರಹ ನೀಚ ಸ್ಥಾನದಲ್ಲಿದೆ ಎಂದಾಗ ಗ್ರಹವನ್ನು ಬೈಯುತ್ತಿರುವುದಿಲ್ಲ. ಕ್ಷುದ್ರ ಎಂದರೂ ಚಿಕ್ಕದು. ಆಕಾಶದಲ್ಲಿ ಕ್ಷುದ್ರಗ್ರಹಗಳು ತಮ್ಮ ಪಾಡಿಗೆ ತಾವು ಸುತ್ತುತ್ತಿವೆ. ತುಚ್ಛ ಎಂದರೆ ಟೊಳ್ಳು. ಎತ್ತರ, ಗಾತ್ರ, ತೂಕಗಳನ್ನು ಹೇಳುವ ಪದಗಳೇ ಮನುಷ್ಯನ ಮೇಲೆ ಬಿದ್ದಾಗ ಬೈಗುಳಗಳಾದವು.

ಅಚ್ಚಗನ್ನಡದ ‘ಒರಟ’ ಈ ಸಾಲಿಗೆ ಸೇರುವವನಲ್ಲ. ಒರಟು ಎಂಬುದು ಮುಟ್ಟಿ ಹೇಳುವ ಮಾತು. ಬಟ್ಟೆ ಒರಟು, ಮರದ ತೊಗಟೆ ಒರಟು, ಅಂಗೈ ಒರಟು. ಅದು ಮೇಲ್ಮೈಯ ಸಂಗತಿ, ಉಜ್ಜಿದರೆ ಹೋದೀತು. ಅದಕ್ಕೇ ‘ಮಾತು ಒರಟು, ಮನಸ್ಸು ಒಳ್ಳೇದು’ ಎನ್ನುವುದಕ್ಕೆ ಕನ್ನಡದಲ್ಲಿ ಜಾಗವಿದೆ. ‘ಅವನು ಅಲ್ಪ, ಆದರೆ ಮನಸ್ಸು ಒಳ್ಳೇದು’ ಎಂದು ಹೇಳಿ ನೋಡಿ. ನಾಲಿಗೆ ಹೊರಳುವುದಿಲ್ಲ. ಒರಟನಿಗೆ ಒಂದು ಒಳಗು ಉಂಟು, ಅಲ್ಪನಿಗೆ ಅದನ್ನೂ ಬಿಟ್ಟುಕೊಟ್ಟಿಲ್ಲ.

ಇನ್ನೂ ಒಂದು ವಿಚಿತ್ರವಿದೆ. ಐಶ್ವರ್ಯ ಬರುವ ಮುಂಚೆ ಇವನನ್ನು ಯಾರೂ ಅಲ್ಪ ಎಂದಿರಲಿಲ್ಲ. ಇವನ ಸುದ್ದಿಯೇ ಯಾರಿಗೂ ಬೇಕಿರಲಿಲ್ಲ. ಬಡವನಾಗಿದ್ದಾಗ ಜೋರು ಮಾಡಿದ್ದರೆ ‘ಸೊಕ್ಕು’ ಎಂದು ಎರಡು ಏಟು ಬೀಳುತ್ತಿತ್ತು, ಗಾದೆ ಕಟ್ಟುವ ತಾಪತ್ರಯವಿರಲಿಲ್ಲ. ಗಾದೆ ಹುಟ್ಟಿದ್ದು ಅವನಿಗೆ ಏಟು ಕೊಡಲು ಆಗದಂಥ ಹೊತ್ತಿನಲ್ಲಿ.

‘ಐಶ್ವರ್ಯ’ವನ್ನು ಈಗ ಎಲ್ಲರೂ ದುಡ್ಡು ಎಂದೇ ಓದುತ್ತಾರೆ. ಪದದ ಒಳಗೆ ಕೂತಿರುವವನು ಈಶ್ವರ. ಈಶ್ವರನ ಭಾವ ಐಶ್ವರ್ಯ; ಅಂದರೆ ಒಡೆತನ, ಆಳುವ ಅಧಿಕಾರ. ಹಣ ಆಮೇಲೆ ಸೇರಿಕೊಂಡ ಅರ್ಥ. ಹೀಗೆ ಓದಿದರೆ ಗಾದೆಯ ಎರಡನೇ ಅರ್ಧ ತಾನಾಗಿ ಬಿಡಿಸಿಕೊಳ್ಳುತ್ತದೆ. ಸಣ್ಣವನಿಗೆ ಬಂದದ್ದು ಒಡೆತನ. ಒಡೆಯನ ಗುರುತು ಕೊಡೆ. ಅವನು ಹಿಡಿದದ್ದು ಮಳೆಯ ಕೊಡೆಯಲ್ಲ, ಅರಸನ ಕೊಡೆ.

ಹಳಗನ್ನಡದಲ್ಲಿ ಅದಕ್ಕೆ ಬೆಳ್ಗೊಡೆ ಎಂದು ಹೆಸರು. ಬಿಳಿಯ ಕೊಡೆ, ಸಂಸ್ಕೃತದ ಶ್ವೇತಚ್ಛತ್ರ. ಅದರ ಬೆಲೆ ಎಷ್ಟಿತ್ತು ಎಂಬುದಕ್ಕೆ ರಾಷ್ಟ್ರಕೂಟರ ಸಂಜಾನ್ ತಾಮ್ರಪಟವೇ ಸಾಕ್ಷಿ. ‘ಕವಿರಾಜಮಾರ್ಗ’ ಹುಟ್ಟಿದ ಆಸ್ಥಾನದ ಒಡೆಯ ಅಮೋಘವರ್ಷ ಕ್ರಿ.ಶ. 871ರಲ್ಲಿ ಹೊರಡಿಸಿದ ಆ ಶಾಸನ ಅವನ ಅಜ್ಜ ಧ್ರುವನ ಪ್ರತಾಪವನ್ನು ಹೇಳುವಾಗ, ಗಂಗೆ ಯಮುನೆಗಳ ನಡುವೆ ಓಡುತ್ತಿದ್ದ ಗೌಡರಾಜನಿಂದ ಅವನ ಬಿಳಿಯ ಕೊಡೆಗಳನ್ನು ಕಿತ್ತುಕೊಂಡದ್ದನ್ನು ಹೆಮ್ಮೆಯಿಂದ ನೆನೆಯುತ್ತದೆ. ಕೊಡೆ ಹೋಯಿತು ಎಂದರೆ ಅರಸುತನ ಹೋಯಿತು. ಜಿನಬಿಂಬದ ತಲೆಯ ಮೇಲೆ ಒಂದರ ಮೇಲೊಂದರಂತೆ ಮೂರು ಕೊಡೆಗಳಿರುತ್ತವೆ, ಅದು ಮುಕ್ಕೊಡೆ. ಮೂರು ಲೋಕದ ಒಡೆತನ. ಒಬ್ಬನೇ ಎಲ್ಲವನ್ನೂ ನಡೆಸುವ ಪಕ್ಷ, ಸಂಘ, ಮನೆತನಗಳ ವಿಷಯ ಬಂದಾಗ ಪತ್ರಿಕೆಗಳು ಈಗಲೂ ‘ಏಕಚ್ಛತ್ರಾಧಿಪತ್ಯ’ ಎಂದೇ ಬರೆಯುತ್ತವೆ. ಒಂದೇ ಕೊಡೆಯ ಆಳ್ವಿಕೆ. ಅದೇ ಛತ್ರ ತದ್ಭವವಾಗಿ ಸತ್ತಿಗೆಯಾಗಿ ದೇವರ ಉತ್ಸವದಲ್ಲಿ ಉಳಿಯಿತು, ಛತ್ರಿಯಾಗಿ ಪೇಟೆಗೆ ಬಂತು. (ಮದುವೆ ಛತ್ರದ ಛತ್ರ ಬೇರೆ, ಅದು ಅನ್ನಸತ್ರದ ಸತ್ರ.)

ಪೇಟೆಗೆ ಬಂದ ಛತ್ರಿಗೆ ಕನ್ನಡಿಗರು ಮಾಡಿದ ಮರ್ಯಾದೆ ನೋಡಬೇಕು. ‘ಅವನೊಬ್ಬ ದೊಡ್ಡ ಛತ್ರಿ’ ಎಂದರೆ ನಯವಂಚಕ, ಟೋಪಿ ಹಾಕುವವನು. ‘ಛತ್ರಿಗಳು ಸಾರ್ ಛತ್ರಿಗಳು’ ಎಂದು 2013ರಲ್ಲಿ ಒಂದು ಸಿನಿಮಾವೇ ಬಂತು. ಅರಸನ ತಲೆಯ ಮೇಲಿದ್ದದ್ದು ಹೀಗೆ ಬೀದಿಯ ಬೈಗುಳವಾಗಿ ಇಳಿಯಿತು.

ಈ ಗಾದೆ ಕನ್ನಡದ ಸ್ವಂತ ಆಸ್ತಿಯೇನಲ್ಲ. ದಕ್ಷಿಣದ ನಾಲ್ಕು ಭಾಷೆಗಳೂ ಇದನ್ನು ತಮ್ಮದೆನ್ನುತ್ತವೆ. ತಮಿಳಿನ ‘ಅರ್ಪ’ನಿಗೆ ಬರುವುದು ‘ವಾಳ್ವು’, ಅಂದರೆ ಬಾಳು, ಸುಖದ ಬದುಕು. ಮಲಯಾಳದ ‘ಅಲ್ಪ’ನಿಗೆ ಸಿಗುವುದು ‘ಅರ್ಥಂ’, ಮುಚ್ಚುಮರೆಯಿಲ್ಲದೆ ಹಣ. ತೆಲುಗಿನಲ್ಲಿ ಕನ್ನಡದ ಹಾಗೆಯೇ ಐಶ್ವರ್ಯ. ಅರ್ಧರಾತ್ರಿ ಮಾತ್ರ ನಾಲ್ಕರಲ್ಲೂ ಅರ್ಧರಾತ್ರಿಯೇ. ನಡುರಾತ್ರಿ, ಸರಿರಾತ್ರಿ ಎನ್ನಬಹುದಿತ್ತು. ಆದರೆ ಅಲ್ಪನ ‘ಅ’ಕಾರಕ್ಕೆ ಇನ್ನೊಂದು ‘ಅ’ಕಾರದ ಜೊತೆ ಬೇಕಿತ್ತು. ತಮಿಳಿನ ‘ವಾಳ್ವು’ ಒಂದನ್ನು ಬಿಟ್ಟರೆ ಗಾದೆಯ ದೊಡ್ಡ ಪದಗಳೆಲ್ಲ ಸಂಸ್ಕೃತದ ಉಡುಪಿನಲ್ಲಿ ಬಂದಿವೆ. ಕೊಡೆ, ಕುಡೈ, ಕುಡ, ಗೊಡುಗು ಮಾತ್ರ ನೆಲದ ಮಾತು, ಒಂದೇ ಬೇರಿನ ಚಿಗುರುಗಳು.

ತೆಲುಗಿನವರು ಒಂದು ಕಡೆ ಕನ್ನಡಿಗರಿಗಿಂತ ಹೆಚ್ಚು ಹೇಳಿದ್ದಾರೆ. ಅವರ ಅಲ್ಪ ಕೊಡೆ ಹಿಡಿಯುವುದಿಲ್ಲ, ‘ಪಟ್ಟಮನ್ನಾಡಟ’, ಹಿಡಿಯೋ ಎಂದನಂತೆ. ಕನ್ನಡದಲ್ಲೂ ಕೆಲವರ ಬಾಯಲ್ಲಿ ‘ಕೊಡೆ ಹಿಡಿಸಿಕೊಂಡ’ ಎಂಬ ರೂಪವಿದೆ. ಈ ಒಂದು ಪ್ರತ್ಯಯ ಸೇರಿದ್ದೇ ತಡ, ಗಾದೆಯ ಚಿತ್ರದಲ್ಲಿ ಅಲ್ಲಿಯವರೆಗೆ ಕಾಣದಿದ್ದ ಇನ್ನೊಬ್ಬ ಬಂದು ನಿಲ್ಲುತ್ತಾನೆ. ಕೊಡೆಯ ಕೋಲು ಹಿಡಿದವನು. ಅರಸನಾದವನು ತನ್ನ ಕೊಡೆಯನ್ನು ತಾನೇ ಹಿಡಿಯುವುದುಂಟೆ? ಅರ್ಧರಾತ್ರಿಯಲ್ಲಿ ಕೊಡೆ ಅರಳಿದೆ ಎಂದರೆ ಅದರ ಕೆಳಗೊಬ್ಬ, ಅದರ ಪಕ್ಕಕ್ಕೊಬ್ಬ. ಪಕ್ಕದವನಿಗೆ ನಿದ್ದೆಯಿಲ್ಲ. ಬಿಸಿಲಿನಲ್ಲಿ ಹಿಡಿದಿದ್ದರೆ ಕೊಡೆಯ ಅಂಚಿನ ನೆರಳಾದರೂ ಅವನ ಹೆಗಲಿಗೆ ಬೀಳುತ್ತಿತ್ತು. ಕತ್ತಲಲ್ಲಿ ಅದೂ ಇಲ್ಲ.

ಅಲ್ಪತನ ಇರುವುದು ಇಲ್ಲೇ. ಕೊಡೆ ಹಿಡಿಸಿಕೊಂಡವನ ತಪ್ಪು ದುಡ್ಡು ಮಾಡಿದ್ದಲ್ಲ, ಮೆರೆದದ್ದೂ ಅಲ್ಲ. ಕೋಲಿನ ತುದಿಯಲ್ಲೊಂದು ಕೈ ಇದೆ, ಅದು ಸೋಲುತ್ತದೆ ಎಂಬುದು ಅವನ ಕಣ್ಣಿಗೆ ಬೀಳದೇ ಹೋದದ್ದು. ಮದುವೆ ಮನೆಯ ಅಜ್ಜಿಯ ಬಾಯಿಂದ ಗಾದೆ ಹೊರಟದ್ದು ಕಾರಿನ ಕೀ ಕಂಡು ಅಲ್ಲ, ಎಲೆಯ ಮುಂದಿನಿಂದ ಎದ್ದು ಹೋದ ಹುಡುಗನನ್ನು ಕಂಡು.

ಕಲಬುರಗಿ ಜಿಲ್ಲೆಯ ಸನ್ನತಿಯ ಹತ್ತಿರ ಕನಗನಹಳ್ಳಿ ಎಂಬ ಊರಿದೆ. ಅಲ್ಲಿ ಮಣ್ಣಿನಿಂದ ಹೊರತೆಗೆದ ಬೌದ್ಧ ಸ್ತೂಪದ ಫಲಕವೊಂದರಲ್ಲಿ ಒಬ್ಬ ಅರಸ, ಜೊತೆಗೆ ರಾಣಿ, ಸುತ್ತ ಚಾಮರ ಹಿಡಿದ, ಕೊಡೆ ಹಿಡಿದ ಪರಿಚಾರಿಕೆಯರು. ಮೇಲೆ ಬ್ರಾಹ್ಮಿಯಲ್ಲಿ ‘ರಾಯೋ ಅಸೋಕೋ’ ಎಂದು ಬರೆದಿದೆ. ಹೆಸರು ಕೆತ್ತಿದ ಅಶೋಕನ ಶಿಲ್ಪವೆಂದು ಪ್ರಪಂಚದವರೆಲ್ಲ ಅದನ್ನು ನೋಡುತ್ತಾರೆ. ಕೊಡೆ ಹಿಡಿದವಳ ಹೆಸರು ಕೆತ್ತಿಲ್ಲ; ಕೆತ್ತುವ ಮಾತೂ ಬಂದಿರಲಿಕ್ಕಿಲ್ಲ.

ಇಲ್ಲಿಯವರೆಗೆ ಗಾದೆ ಆಳಿನ ಪರವಾಗಿದೆ ಎಂದು ತೋರುತ್ತದೆ. ಆದರೆ ಇದಕ್ಕೆ ಎರಡು ಬಾಯಿ. ಇನ್ನೊಂದು ಬಾಯಿ ಒಡೆಯನದು.

ತಿರುವಾಂಕೂರು ಸೀಮೆಯಲ್ಲಿ ಆಗ ಶಾನಾರರೆಂದು ಕರೆಸಿಕೊಳ್ಳುತ್ತಿದ್ದ ನಾಡಾರರು ಕೊಡೆ ಹಿಡಿಯುವಂತಿರಲಿಲ್ಲ, ಮೆಟ್ಟು ಮೆಟ್ಟುವಂತಿರಲಿಲ್ಲ, ಚಿನ್ನ ಇಡುವಂತಿರಲಿಲ್ಲ. ಹೆಂಗಸರು ಎದೆ ಮುಚ್ಚಿಕೊಳ್ಳುವ ಹಕ್ಕಿಗಾಗಿ ದಶಕಗಟ್ಟಲೆ ಹೊಡೆದಾಡಿ, 1859ರಲ್ಲಿ ಅರಮನೆಯ ಅಪ್ಪಣೆ ಬಂತು. ಅದೂ ಮೇಲ್ಜಾತಿಯವರ ಹಾಗೆ ಉಡಕೂಡದು ಎಂಬ ಕಟ್ಟಿನೊಂದಿಗೆ. ಅದಾಗಿ ಎಪ್ಪತ್ತು ವರ್ಷದ ಮೇಲೆ, 1930ರ ಡಿಸೆಂಬರಿನಲ್ಲಿ, ಮದರಾಸು ಪ್ರಾಂತದ ರಾಮನಾಡು ಜಿಲ್ಲೆಯ ಕಳ್ಳರ್ ಜಾತಿಯವರು ಆದಿದ್ರಾವಿಡರಿಗೆ ಎಂಟು ಕಟ್ಟಳೆ ಹಾಕಿದರು. ಮಣ್ಣಿನ ಪಾತ್ರೆ ಬಿಟ್ಟು ಬೇರೆ ಬಳಸಬಾರದು, ಅಂಗಿ ತೊಡಬಾರದು ಇತ್ಯಾದಿಗಳ ಕೊನೆಗೆ, ಗಂಡಸರು ಬಿಸಿಲಿಗಾಗಲಿ ಮಳೆಗಾಗಲಿ ಕೊಡೆ ಹಿಡಿಯಬಾರದು, ಚಪ್ಪಲಿ ಹಾಕಬಾರದು. 1931ರ ಜನಗಣತಿಯ ಕಮಿಷನರ್ ಆಗಿದ್ದ ಹಟನ್ ಈ ಪಟ್ಟಿಯನ್ನು ದಾಖಲಿಸಿದ್ದಾನೆ.

ಬಿಸಿಲಿಗೂ ಇಲ್ಲ, ಮಳೆಗೂ ಇಲ್ಲ. ಹಾಗಾದರೆ ಅವನಿಗೆ ಕೊಡೆ ಬಿಚ್ಚುವ ಆಸೆಯಾದರೆ ಉಳಿದ ಹೊತ್ತು ಯಾವುದು? ಯಾರೂ ನೋಡದ ಅರ್ಧರಾತ್ರಿ.

ಗಾದೆ ಹುಟ್ಟಿದ್ದು ಹೀಗೆಯೇ ಎಂದು ಹೇಳಿದರೆ ಅದು ವ್ಯಾಖ್ಯಾನಕಾರನ ಅಧಿಕಪ್ರಸಂಗವಾದೀತು. ಆದರೆ ಹಗಲಿನಲ್ಲಿ ಕೊಡೆ ಹಿಡಿದರೆ ಏಟು ಬೀಳುವ ಊರುಗಳೂ ಈ ಗಾದೆ ಆಡುವ ಬಾಯಿಗಳೂ ಒಂದೇ ಸೀಮೆಯಲ್ಲಿದ್ದವು ಎಂಬುದನ್ನು ಮರೆತು ಇದನ್ನು ಓದಲು ಬರುವುದಿಲ್ಲ. ‘ಅಲ್ಪ’ ಎಂಬ ಪದಕ್ಕೆ ಜಾತಿಯ ಹೆಸರಿಲ್ಲ, ನಿಜ. ಹೊಸತರಲ್ಲಿ ಎತ್ತಿ ಎತ್ತಿ ಒಗೆದವನನ್ನು ಅಗಸ ಎಂದೇ ಕರೆದ ಗಾದೆಗಿಂತ ಇದು ನಾಜೂಕು. ಹೆಸರಿಲ್ಲದ್ದರಿಂದಲೇ ಯಾರ ಮೇಲೆ ಬೇಕಾದರೂ ಎಸೆಯಬಹುದು ಎಂಬ ಅನುಕೂಲವೂ ಇದೆ.

ಎಸೆದದ್ದೂ ಉಂಟು. 1974ರಲ್ಲಿ ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದು, ಗೇಣಿ ಅಳೆಯುತ್ತಿದ್ದವನೇ ಹೊಲದೊಡೆಯನಾದ. ಒಡೆಯರ ಅಂಗಳ ದಾಟುವಾಗ ಚಪ್ಪಲಿಯನ್ನು ಕೈಗೆ ತೆಗೆದುಕೊಂಡು, ಕೊಡೆಯನ್ನು ಮಡಚಿ ಬಗಲಿಗೆ ಇಟ್ಟುಕೊಳ್ಳುತ್ತಿದ್ದ ಕಾಲವನ್ನು ಕರಾವಳಿಯ, ಮಲೆನಾಡಿನ ಹಿರಿಯರು ಕಂಡವರೇ. ಆ ಮನುಷ್ಯ ಒಂದು ದಿನ ಕೊಡೆ ಮಡಚದೇ ದಾಟಿದಾಗ, ಜಗಲಿಯಿಂದ ಯಾವ ಗಾದೆ ಕೇಳಿಬಂದಿರಬಹುದು? ಅವನು ಮಾಡಿದ್ದು ಒರಟುತನವೋ, ಬರೀ ನಡಿಗೆಯೋ?

ಒಡೆಯರಿಗೆ ಈ ಮಾತನ್ನು ತಿರುಗಿಸಿ ಹೇಳುವವರು ಇರಲಿಲ್ಲ. ಇದ್ದಿದ್ದರೆ ಮದರಾಸಿನ ಸೇಂಟ್ ಜಾರ್ಜ್ ಕೋಟೆಯತ್ತ ಕೈ ತೋರಿಸಬಹುದಿತ್ತು. ಮೆಣಸು, ಬಟ್ಟೆ ಮಾರಿ ಲಾಭ ಮಾಡಲು ಬಂದ ಈಸ್ಟ್ ಇಂಡಿಯಾ ಕಂಪನಿಯ ವರ್ತಕರು ಇಲ್ಲಿನ ದೊಡ್ಡವರನ್ನು ನೋಡಿ ತಾವೂ ಕೊಡೆ ಹಿಡಿಸಿಕೊಳ್ಳತೊಡಗಿದ್ದರು. ಅದಕ್ಕೆ ಅವರು ಇಟ್ಟ ಹೆಸರು ‘ರುಂಡೆಲ್’. 1677-78ರಲ್ಲಿ ಕೋಟೆಯ ಕೌನ್ಸಿಲ್ ಕೂತು ಇತ್ಯರ್ಥ ಮಾಡಿತು: ಕೌನ್ಸಿಲಿನವರು, ಹಿಂದೆ ಕೌನ್ಸಿಲಿನಲ್ಲಿದ್ದವರು, ಕೋಠಿಗಳ ಮುಖ್ಯಸ್ಥರು, ಇಂಗ್ಲೆಂಡಿನಿಂದ ಬಂದ ಹಡಗುಗಳ ಕಪ್ತಾನರು, ಪಾದ್ರಿಗಳು, ಇವರನ್ನು ಬಿಟ್ಟು ಊರಿನ ಯಾವ ಗಂಡಸಿಗೂ ಕೊಡೆಯಿಲ್ಲ. ಹೆಂಗಸರಲ್ಲಿ ಯಾವ ದರ್ಜೆಯವರ ಹೆಂಡತಿಯವರೆಗೆ ಉಂಟು ಎಂಬುದೂ ಆ ಠರಾವಿನಲ್ಲೇ ಇತ್ತು. ತಕ್ಕಡಿ ಹಿಡಿದು ಬಂದವರು ಆಗಲೇ ಕೊಡೆಗೆ ಕಾಯಿದೆ ಮಾಡುತ್ತಿದ್ದರು. ಮದರಾಸಿನ ಬಿಸಿಲು ದರ್ಜೆ ನೋಡಿ ಸುಡುತ್ತಿತ್ತೋ ಇಲ್ಲವೋ, ನೆರಳಿಗಂತೂ ದರ್ಜೆ ಬಂತು.

ಕೊಡೆಯ ಯಾಜಮಾನ್ಯ ಗೊತ್ತಾಗಬೇಕಾದರೆ ಕೊಡೆಯಿಲ್ಲದವರು ಮಳೆಯಲ್ಲಿ ಏನು ಮಾಡಿದರು ಎಂಬುದನ್ನು ನೋಡಬೇಕು. ಬಯಲುಸೀಮೆಯಲ್ಲಿ ಕುರಿ ಕಾಯುವವನು ಕಂಬಳಿಯ ಒಂದು ಮೂಲೆಯನ್ನು ಒಳಕ್ಕೆ ಮಡಚಿ ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡ. ಮಲೆನಾಡಿನಲ್ಲಿ ಗೊರಬೆ. ಬಿದಿರಿನ ಸೀಳುಗಳನ್ನು ಹೆಣೆದು, ನಡುವೆ ಎಲೆ ತುಂಬಿ, ದೋಣಿಯನ್ನು ಕವುಚಿದಂತೆ ಮಾಡಿದ ಹೊದಿಕೆ. ನಾಟಿಗೆ ಇಳಿದ ಹೆಂಗಸರು ತಲೆಯಿಂದ ಸೊಂಟದವರೆಗೆ ಅದನ್ನು ಹೊದ್ದು ಬಗ್ಗಿದರೆ, ಆಷಾಢದ ಮಳೆ ಬೆನ್ನ ಮೇಲೆ ದಬದಬ ಬಿದ್ದು ಎರಡೂ ಕಡೆ ಹರಿದುಹೋಗುತ್ತದೆ. ಒಳಗೆ ಎರಡೂ ಕೈ ಬಿಡುವಾಗಿವೆ. ಒಂದರಲ್ಲಿ ಸಸಿಯ ಕಟ್ಟು, ಇನ್ನೊಂದು ಕೆಸರಿನೊಳಗೆ. ದುಡಿಯುವವರ ಮಳೆಯ ಸಾಮಾನು ಯಾವುದೂ ಕೈಯನ್ನು ಕಟ್ಟಿಹಾಕುವುದಿಲ್ಲ. ಕೊಡೆಯೊಂದೇ ಒಂದು ಕೈ ಕೇಳುತ್ತದೆ. ಆ ಕೈ ಒಂದೋ ಕೆಲಸವಿಲ್ಲದವನದು, ಇಲ್ಲ ಆಳಿನದು.

ಮರದ ಹಿಡಿಯ ಕರಿಬಟ್ಟೆಯ ಕೊಡೆ ಅಗ್ಗವಾದ ಮೇಲೆ ಈ ಲೆಕ್ಕವೆಲ್ಲ ಕಲಸಿಹೋಯಿತು. ಮೇಷ್ಟರು ಅದರ ಕೊಕ್ಕೆಯನ್ನು ಅಂಗಿಯ ಹಿಂಗತ್ತಿಗೆ ಸಿಕ್ಕಿಸಿಕೊಂಡು ಎರಡೂ ಕೈ ಬೀಸುತ್ತಾ ಶಾಲೆಗೆ ನಡೆದರು. ಈಗ ಮಡಚಿದರೆ ವ್ಯಾನಿಟಿ ಬ್ಯಾಗಿಗೆ ಹಿಡಿಯುವ ಕೊಡೆ ಯಾರಿಗೂ ಬಿರುದಲ್ಲ. ಐಶ್ವರ್ಯ ಬೇರೆ ಗುರುತು ಹುಡುಕಿಕೊಂಡಿತು. ಕಾರಿನ ನೆತ್ತಿಯ ಕೆಂಪು ದೀಪ ಬಹುಕಾಲ ಆ ಕೆಲಸ ಮಾಡಿತು. ಅದು ಬೆಳಗುತ್ತಿದ್ದದ್ದು ದಾರಿ ತೋರಿಸಲಿಕ್ಕಲ್ಲ. 2017ರ ಮೇ 1ರಿಂದ ಕೇಂದ್ರ ಸರ್ಕಾರ ಅದನ್ನು ತೆಗೆಸಿತು. ದೀಪ ಹೋದಲ್ಲಿ ಸೈರನ್ನು ಕೂಗತೊಡಗಿತು, ಬಂಪರಿನ ಮೇಲೆ ‘ಅಧ್ಯಕ್ಷರು’ ಎಂಬ ಫಲಕ ಬಂತು. ಯಾವುದರ ಅಧ್ಯಕ್ಷರು ಎಂಬುದು ಸಣ್ಣ ಅಕ್ಷರದಲ್ಲಿ. ಅಪಾರ್ಟ್‌ಮೆಂಟಿನ ಗೇಟಿನ ಮುಂದೆ ರಾತ್ರಿ ಹನ್ನೆರಡೂವರೆಗೆ ನಿಂತ ಕಾರು ಒಂದೇ ಸಮನೆ ಹಾರ್ನ್ ಹೊಡೆಯುತ್ತದೆ. ಪ್ಲಾಸ್ಟಿಕ್ ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಕಾವಲಿನವನು ಎದ್ದು, ಟೋಪಿ ಸರಿಮಾಡಿಕೊಂಡು, ಗೇಟು ದೂಡಿ, ಸಲಾಮು ಹೊಡೆಯುತ್ತಾನೆ. ಕಿಟಕಿಯ ಗಾಜು ಇಳಿಯುವುದಿಲ್ಲ.

ಹಾಗೆಂದು ಅರ್ಧರಾತ್ರಿಯ ಕೊಡೆ ಎಂದರೆ ನಗೆಪಾಟಲೇ ಎನ್ನುವಂತೆಯೂ ಇಲ್ಲ. ದಕ್ಷಿಣ ಕನ್ನಡ, ಉಡುಪಿಯ ದೇವಸ್ಥಾನಗಳ ಜಾತ್ರೆಯಲ್ಲಿ ಉತ್ಸವ ಬಲಿ ನಡೆಯುವುದು ರಾತ್ರಿ ಹೊತ್ತಿಗೆ. ದೇವರ ಮೂರ್ತಿಯನ್ನು ತಲೆಯ ಮೇಲೆ ಹೊತ್ತ ಅರ್ಚಕರು ಚೆಂಡೆಯ ಪೆಟ್ಟಿಗೆ ಹೆಜ್ಜೆ ಹಾಕುತ್ತಾ ಅಂಗಣ ಸುತ್ತುತ್ತಾರೆ. ಹಿಂದೆ ಬಣ್ಣದ ಸತ್ತಿಗೆ, ಅದರ ಉದ್ದ ಕೋಲು ಹಿಡಿದ ಒಬ್ಬ. ಬಿಸಿ‌ಲಿಲ್ಲ, ಮಳೆಯಿಲ್ಲ, ಹೊತ್ತು ನಡುರಾತ್ರಿ ಮೀರಿದೆ. ಆದರೂ ಒಬ್ಬರೂ ನಗುವುದಿಲ್ಲ, ಕೈ ಮುಗಿಯುತ್ತಾರೆ. ಅರ್ಚಕರು ಗಕ್ಕನೆ ತಿರುಗಿದರೆ ಇವನೂ ತಿರುಗಬೇಕು, ಓಡಿದರೆ ಓಡಬೇಕು, ಸತ್ತಿಗೆ ವಾಲಬಾರದು. ಅವನ ಕಣ್ಣು ದೇವರ ಮೇಲಿಲ್ಲ, ಅರ್ಚಕರ ಹಿಮ್ಮಡಿಯ ಮೇಲಿದೆ. ಸುತ್ತು ಮುಗಿದು ದೇವರು ಒಳಗೆ ಹೋದ ಮೇಲೆ ಅವನು ಸತ್ತಿಗೆ ಮಡಚಿ ಗೋಡೆಗೆ ಒರಗಿಸಿ, ಎಡಗೈಯಿಂದ ಬಲಗೈ ಮಣಿಕಟ್ಟು ಒತ್ತಿಕೊಳ್ಳುತ್ತಾನೆ. ಹೊರಗೆ ರಾಶಿಬಿದ್ದ ಚಪ್ಪಲಿಗಳ ನಡುವೆ ತನ್ನದನ್ನು ಕಾಲಿನಿಂದಲೇ ಹುಡುಕುತ್ತಿರುವಾಗ ನಾಲ್ಕು ಹನಿ ಬೀಳುತ್ತವೆ. ಹೆಗಲ ಮೇಲಿನ ಬೈರಾಸು ತಲೆಗೆ ಹಾಕಿಕೊಂಡು ಮನೆಯ ಕಡೆ ಹೊರಡುತ್ತಾನೆ.